ನಮ್ಮೂರ ಬೆಟ್ಟ, ಹುಣಸೆಮರ, ರಾಗಿ ಮೆದೆ ಪೆನ್ಸಿಲಿಗೆ ಬರುತ್ತಿಲ್ಲ. ಎಲ್ಲಿ ತಪ್ಪುತ್ತಿದೆ?

ಗುಡಿಬಂಡೆ ಕಡೆಯವಳು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಚಿಕ್ಕಬಳ್ಳಾಪುರ ಜಿಲ್ಲೆ ಗುಡಿಬಂಡೆ ತಾಲ್ಲೂಕಿನ ಒಂದು ಹಳ್ಳಿಯವಳು. ನಮ್ಮದು ರೇಷ್ಮೆ ಮನೆ. ವರ್ಷವಿಡೀ ಹುಳು, ಸೊಪ್ಪು, ಗೂಡು, ಮತ್ತೆ ಹುಳು. ಹೈಸ್ಕೂಲಿನಲ್ಲಿ ಇದ್ದಾಗ ಚಿತ್ರ ಬರೆಯುತ್ತಿದ್ದೆ. ಮದುವೆಯಾದ ಮೇಲೆ ಹದಿನಾಲ್ಕು ವರ್ಷ ಪೆನ್ಸಿಲ್ ಹಿಡಿದದ್ದು ಕೂಲಿ ಲೆಕ್ಕ ಬರೆಯಲು ಮಾತ್ರ. ಹೋದ ವರ್ಷ ಮಗಳ ಡ್ರಾಯಿಂಗ್ ಪುಸ್ತಕದಲ್ಲಿ ನಾಲ್ಕು ಹಾಳೆ ಖಾಲಿ ಉಳಿದಿದ್ದವು. ಅಲ್ಲಿಂದ ಮತ್ತೆ ಶುರುವಾಯಿತು.

ನನಗೆ ಬಿಡುವು ಸಿಗುವುದು ಹುಳು ಜ್ವರಕ್ಕೆ ಕೂತಾಗ. ರೇಷ್ಮೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಗೂಡು ಕಟ್ಟುವ ಮುಂಚೆ ಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ಅದಕ್ಕೇ ನಾವು ಜ್ವರ ಅನ್ನುವುದು. ಆಗ ಅದು ತಲೆ ಎತ್ತಿಕೊಂಡು ಅಲ್ಲಾಡದೆ ಕೂರುತ್ತದೆ, ಸೊಪ್ಪು ಮುಟ್ಟುವುದಿಲ್ಲ. ನಾವು ಚಾಕಿ ಹುಳು, ಅಂದರೆ ಬೇರೆ ಕಡೆ ಸಾಕಿದ ಮರಿ ಹುಳು ತರುತ್ತೇವೆ, ಹಾಗಾಗಿ ಮೊದಲ ಎರಡು ಜ್ವರ ಅಲ್ಲೇ ಮುಗಿದಿರುತ್ತವೆ. ಮೂರನೆಯದು, ನಾಲ್ಕನೆಯದು ನಮ್ಮ ಮನೆಯಲ್ಲಿ. ಒಂದೊಂದೂ ಹೆಚ್ಚುಕಡಿಮೆ ಒಂದು ದಿನ. ಸುಣ್ಣದ ಪುಡಿ ಉದುರಿಸಿ ಹೊರಗೆ ಬಂದರೆ ಒಂದು ಇಡೀ ಮಧ್ಯಾಹ್ನ ನನ್ನದು. ಹುಳು ಮನೆಯ ಹಿಂದಿನ ಜಗಲಿಯ ಮೇಲೆ ಕೂತು ಬರೆಯುತ್ತೇನೆ.

ಕಲಿತದ್ದು ಮೊಬೈಲಿನಲ್ಲಿ ವಿಡಿಯೋ ನೋಡಿ. ಪೈನ್ ಮರ, ಹಿಮದ ಬೆಟ್ಟ, ಹಲಗೆ ಬೇಲಿ, ಹೊಗೆಗೂಡಿನ ಮನೆ, ಇವೆಲ್ಲ ಈಗ ಚೆನ್ನಾಗಿಯೇ ಬರುತ್ತವೆ. ಆದರೆ ಜಗಲಿಯಿಂದ ಕಾಣುವುದು ಅದ್ಯಾವುದೂ ಅಲ್ಲ ಅಲ್ವಾ? ಎಡಗಡೆ ಬಂಡೆಬೆಟ್ಟ ಇದೆ. ನಡುವೆ ಕೆರೆ ಏರಿ, ಅದರ ಮೇಲೆ ಎರಡು ಹುಣಸೆಮರ. ಮುಂದುಗಡೆ ನಮ್ಮ ಕಣ, ಕಣದಲ್ಲಿ ರಾಗಿ ಮೆದೆ, ಅಂದರೆ ಕೊಯ್ದ ರಾಗಿಯನ್ನು ತೆನೆ ಸಮೇತ ಒಟ್ಟಿದ ರಾಶಿ. ಇವು ಮೂರೂ ನನ್ನ ಕೈಗೆ ಸಿಗುತ್ತಿಲ್ಲ.

ಬೆಟ್ಟದ ಹೊರಗೆರೆ ಸರಿಯಾಗಿ ಬರುತ್ತದೆ. ಒಳಗೆ ನೆರಳು ತುಂಬಿದ ತಕ್ಷಣ ಆಲೂಗಡ್ಡೆ ಮೂಟೆ ಪೇರಿಸಿದ ಹಾಗೆ ಆಗಿಬಿಡುತ್ತದೆ. ಭಾರ ಇಲ್ಲ, ಕಲ್ಲಿನ ಗಟ್ಟಿತನ ಇಲ್ಲ. ಹುಣಸೆಮರದ ಎಲೆ ಬರೆಯಲು ಹೋದೆ. ಮುಕ್ಕಾಲು ಗಂಟೆ ಕೂತರೂ ಒಂದು ಕೊಂಬೆ ಮುಗಿಯಲಿಲ್ಲ. ಎಲೆ ಬಿಟ್ಟು ಸುರುಳಿ ಸುರುಳಿ ಗೀಚಿದೆ. ಹಾಗೆ ಗೀಚಿದರೆ ಅದು ಹೊಂಗೆ ಆಗಬಹುದು, ಮಾವು ಆಗಬಹುದು, ಹುಣಸೆ ಮಾತ್ರ ಅಲ್ಲ. ಮೆದೆಯದ್ದು ಎಲ್ಲಕ್ಕಿಂತ ಕಷ್ಟ. ವಿಡಿಯೋದಲ್ಲಿ ಹುಲ್ಲಿನ ರಾಶಿಗೆ ಮೇಲಿಂದ ಕೆಳಕ್ಕೆ ಉದ್ದುದ್ದ ಗೆರೆ ಎಳೆಯುತ್ತಾರೆ. ನಾನೂ ಹಾಗೇ ಎಳೆದೆ. ನಮ್ಮ ಅತ್ತೆ ನೋಡಿ, "ಇದು ಯಾರ ಗುಡಿಸಲು?" ಅಂದರು. ಅವರು ಆಡಿಕೊಂಡದ್ದಲ್ಲ, ನಿಜವಾಗಿಯೂ ಕೇಳಿದರು.

ಈ ಮೆದೆಯನ್ನು ನಾನು ಬರೆಯಲೇಬೇಕು. ಮುಂದಿನ ವರ್ಷ ಆ ರಾಗಿ ಹೊಲಕ್ಕೂ ಹಿಪ್ಪುನೇರಳೆ ಹಾಕುವುದು ಅಂತ ಮನೆಯಲ್ಲಿ ತೀರ್ಮಾನ ಆಗಿದೆ. ರಾಗಿ ಇಲ್ಲ ಅಂದರೆ ಮೆದೆಯೂ ಇಲ್ಲ. ಈ ವರ್ಷದ್ದನ್ನು ಸಂಕ್ರಾಂತಿ ಕಳೆದ ಮೇಲೆ ಒಕ್ಕಣೆ ಮಾಡುತ್ತೇವೆ. ಅಲ್ಲಿಯವರೆಗೆ ಮಾತ್ರ ಅದು ಕಣದಲ್ಲಿ ಇರುತ್ತದೆ.

ಇನ್ನೊಂದು ಪ್ರಶ್ನೆ. ಕಪ್ಪು ಬೇಕು ಅಂತ 6ಬಿ ಪೆನ್ಸಿಲ್ ಒತ್ತಿ ಬರೆದರೆ ಕಾಗದ ಹೊಳೆಯುತ್ತದೆಯೇ ಹೊರತು ಕಪ್ಪಾಗುವುದಿಲ್ಲ. ಜೆಲ್ ಪೆನ್ನು ಹಿಡಿದರೆ ಕೈ ಬೆವರಿಗೆ ಅಳಿಸಿಹೋಗುತ್ತದೆ. ಏನು ತಗೊಳ್ಳಲಿ? ನಾಡಿದ್ದು ಮೂರನೇ ಜ್ವರ. ಅಷ್ಟರಲ್ಲಿ ಯಾರಾದರೂ ಹೇಳಿದರೆ ಉಪಕಾರ ಆಗುತ್ತದೆ.

ಚಿಂತಾಮಣಿ ಬೋರ್ಡ್ ಪೇಂಟರ್

ಅಕ್ಕಾ, ಸಾಮಾನಿನ ಮಾತು ನಾನು ಹೇಳುತ್ತೇನೆ. ಇಪ್ಪತ್ತೈದು ವರ್ಷದಿಂದ ಬೋರ್ಡ್ ಬರೆಯುತ್ತಿದ್ದೇನೆ.

ಪೆನ್ಸಿಲ್ ಹೊಳೆಯುವುದು ನಿಮ್ಮ ತಪ್ಪಲ್ಲ. ಅದರ ಕಡ್ಡಿ ಅಂದರೆ ಗ್ರಾಫೈಟ್ ಪುಡಿಗೆ ಜೇಡಿಮಣ್ಣು ಕಲಸಿ ಸುಟ್ಟದ್ದು. 1795ರಲ್ಲಿ ಫ್ರಾನ್ಸಿನ ಕಾಂಟೆ ಅನ್ನುವವರು ಕಂಡುಹಿಡಿದ ದಾರಿ, ಇವತ್ತಿಗೂ ಅದೇ ನಡೆಯುತ್ತಿದೆ. ಮಣ್ಣು ಜಾಸ್ತಿ ಆದರೆ ಎಚ್, ಗಟ್ಟಿ, ಗೆರೆ ತಿಳಿ. ಗ್ರಾಫೈಟ್ ಜಾಸ್ತಿ ಆದರೆ ಬಿ, ಮೆತ್ತಗೆ, ಗೆರೆ ಕಪ್ಪು. ಆದರೆ ಗ್ರಾಫೈಟಿಗೆ ತನ್ನದೇ ಹೊಳಪು ಇದೆ. ಒತ್ತಿದಷ್ಟೂ ಕನ್ನಡಿ ಹಾಗೆ ಬೆಳಕು ವಾಪಸ್ ಕೊಡುತ್ತದೆ. ಪೆನ್ಸಿಲಿನಲ್ಲಿ ಒಂದು ಮಟ್ಟದವರೆಗೆ ಮಾತ್ರ ಕಪ್ಪು. ಅದರ ಮೇಲೆ ಬೇಕಾದರೆ ಇಂಕು.

ಜೆಲ್ ಪೆನ್ನು ಬೇಡ. ಬಹಳಷ್ಟು ಜೆಲ್ ಇಂಕು ನೀರಿಗೆ ಕರಗುತ್ತವೆ. ಬಾಲ್ ಪೆನ್ನು ಕೈಗೆ ಅಳಿಸದಿದ್ದರೂ ಬಿಸಿಲು ಬೀಳುವ ಗೋಡೆಗೆ ಹಾಕಿದರೆ ಬಣ್ಣ ಹೋಗುತ್ತದೆ. ಡ್ರಾಯಿಂಗ್ ಪೆನ್ನು ಅಂತ ಕೇಳಿ, ಪಿಗ್ಮೆಂಟ್ ಇಂಕು, ವಾಟರ್‌ಪ್ರೂಫ್ ಅಂತ ಬರೆದಿರುತ್ತದೆ. ಮೇಲೆ 01, 03, 05 ಅಂತ ನಂಬರ್ ಇರುತ್ತದೆ. ನನ್ನ ಹತ್ತಿರ ಇರುವುದರಲ್ಲಿ 01ರ ಗೆರೆ ಕಾಲು ಮಿಲಿಮೀಟರ್, 05ರದ್ದು ಅರ್ಧಕ್ಕೆ ಸ್ವಲ್ಪ ಕಮ್ಮಿ. ಎರಡು ಪೆನ್ನು ಸಾಕು. ದೂರದ ಬೆಟ್ಟಕ್ಕೆ 01, ಕಣಕ್ಕೆ 05. ಹಿಂದಿನದು ಹಿಂದೆ, ಮುಂದಿನದು ಮುಂದೆ ತಾನಾಗಿ ನಿಲ್ಲುತ್ತದೆ.

ಬಾಟಲಿಯಲ್ಲಿ ಬರುವ ಇಂಡಿಯನ್ ಇಂಕ್ ಇನ್ನೂ ಕಪ್ಪು, ಮಸಿಯಿಂದಲೇ ಮಾಡಿದ್ದು. ಅದನ್ನು ಮಾತ್ರ ಫೌಂಟನ್ ಪೆನ್ನಿಗೆ ತುಂಬಬೇಡಿ. ಅದರಲ್ಲಿ ಅರಗು ಇರುತ್ತದೆ, ಒಳಗೇ ಒಣಗಿ ಕಟ್ಟಿಕೊಳ್ಳುತ್ತದೆ. ನಿಬ್ಬು ಅದ್ದಿ ಬರೆಯಬೇಕು, ಇಲ್ಲಾ ಒಂದು ಬಿದಿರು ಕಡ್ಡಿಯನ್ನು ಓರೆಯಾಗಿ ಕೆತ್ತಿ, ತುದಿ ಸ್ವಲ್ಪ ಸೀಳಿಕೊಳ್ಳಿ.

ಕಾಗದ ಜೆರಾಕ್ಸ್ ಹಾಳೆ ಬೇಡ, ಇಂಕು ಹರಡುತ್ತದೆ. 22x30 ಇಂಚಿನ ದಪ್ಪ ಡ್ರಾಯಿಂಗ್ ಶೀಟ್ ಒಂದು ತಗೊಂಡು ಎಂಟು ತುಂಡು ಮಾಡಿ. ತೊಡೆ ಮೇಲೆ ಇಟ್ಟುಕೊಳ್ಳಲು ಸರಿಯಾದ ಅಳತೆ. ಪರೀಕ್ಷೆ ಪ್ಯಾಡಿಗೆ ಕ್ಲಿಪ್ ಹಾಕಿಬಿಡಿ.

ಮಧುಗಿರಿ ಹುಡುಗ

ಅಕ್ಕಾ, ಬೆಟ್ಟದ ವಿಷಯಕ್ಕೆ ಬರುತ್ತೇನೆ. ನನಗೆ ಚಿತ್ರ ಕಲಿಸಿದವರು ಯಾರೂ ಇಲ್ಲ, ಆದರೆ ಕಲ್ಲು ಕಲಿಸಿದವರು ಇದ್ದಾರೆ. ನಮ್ಮ ತಂದೆ, ಅವರ ತಂದೆ, ಇಬ್ಬರೂ ಚಪ್ಪಡಿ ಎಬ್ಬಿಸುವ ಕೆಲಸದವರು.

ಮೊದಲು ಮೆಷಿನ್ ಇರಲಿಲ್ಲ. ಬಂಡೆ ಮೇಲೆ ಕಟ್ಟಿಗೆ ಉರಿ ಹಾಕುತ್ತಿದ್ದರು. ಕಾದ ಕಲ್ಲು ಹಿಗ್ಗುತ್ತದೆ, ಕೆಳಗಿನದು ತಣ್ಣಗೇ ಇರುತ್ತದೆ. ಮೇಲಿನ ಪದರ ಬಿಟ್ಟುಕೊಳ್ಳುತ್ತದೆ. ಉರಿಯನ್ನು ಸ್ವಲ್ಪ ಸ್ವಲ್ಪವೇ ಮುಂದೆ ತಳ್ಳುತ್ತಾ, ಸುತ್ತಿಗೆಯಲ್ಲಿ ತಟ್ಟಿ ಸದ್ದು ಕೇಳಬೇಕು. ಬಿಟ್ಟ ಕಡೆ ಟೊಳ್ಳು ಸದ್ದು, ಹಿಡಿದ ಕಡೆ ಗಟ್ಟಿ ಸದ್ದು. ನಮ್ಮ ತಾತನಿಗೆ ಕಣ್ಣು ಮುಚ್ಚಿಕೊಂಡು ಪದರ ಎಲ್ಲಿಯವರೆಗೆ ಹೋಗಿದೆ ಅಂತ ಗೊತ್ತಾಗುತ್ತಿತ್ತು. ನಿಮ್ಮ ಕಡೆ ಹೊಲದ ಬೇಲಿಗೆ ನೆಟ್ಟ ಕಲ್ಲುಗಳು, ಹಳೆ ಮನೆ ಚಾವಣಿಯ ಚಪ್ಪಡಿಗಳು ಎಷ್ಟೋ ಹೀಗೇ ಎದ್ದು ಬಂದದ್ದು.

ಇದನ್ನು ಯಾಕೆ ಹೇಳಿದೆ ಅಂದರೆ, ಬೆಟ್ಟವೂ ತಾನಾಗಿ ಹೀಗೇ ಪದರ ಬಿಡುತ್ತದೆ. ಒಂದು ಕಾಲಕ್ಕೆ ಈ ಕಲ್ಲು ನೆಲದ ಆಳದಲ್ಲಿ ಇತ್ತು. ಮೇಲಿನ ಭಾರ ಸವೆದು ಹೋದ ಹಾಗೆ ಉಸಿರು ಬಿಟ್ಟ ಹಾಗೆ ಹಿಗ್ಗಿ, ಈರುಳ್ಳಿ ಸಿಪ್ಪೆಯಂತೆ ಬಿರಿಯುತ್ತದೆ. ನಮ್ಮ ಮಧುಗಿರಿಯಿಂದ ಪಾವಗಡದ ಕಡೆಗೂ, ಕೆಳಗೆ ರಾಮನಗರದ ಕಡೆಗೂ ಇರುವ ಕಲ್ಲಿಗೆ ಕ್ಲೋಸ್‌ಪೇಟ್ ಗ್ರಾನೈಟ್ ಅನ್ನುತ್ತಾರೆ. ರಾಮನಗರದ ಹಳೆ ಹೆಸರು ಅದು. ಕಲ್ಲಿಗೆ ಸುಮಾರು 250 ಕೋಟಿ ವರ್ಷ. ನಿಮ್ಮ ಬೆಟ್ಟ ಬೇರೆ ಇರಬಹುದು, ಬಿರಿಯುವ ರೀತಿ ಇದೇ.

ಹಾಗಾಗಿ ಬೆಟ್ಟದ ಒಳಗೆ ನೆರಳು ತಿಕ್ಕಬೇಡಿ. ಸಿಪ್ಪೆಯ ಅಂಚು ಹುಡುಕಿ. ಅದು ಬೆಟ್ಟದ ಮೈ ಜೊತೆಗೇ ಬಾಗಿಕೊಂಡು ಹೋಗುತ್ತದೆ. ಅಂಚಿನ ಕೆಳಗೆ ಒಂದು ಎಳೆ ಕಪ್ಪು ನೆರಳು ಇರುತ್ತದೆ, ಅಷ್ಟೇ. ಇಡೀ ಬೆಟ್ಟಕ್ಕೆ ಅಂಥ ಏಳೆಂಟು ಅಂಚು ಸಾಕು. ಆಮೇಲೆ ನೀರಿನ ಕಲೆ. ಮಳೆ ನೀರು ಇಳಿದ ಕಡೆ ಬಂಡೆ ಮೇಲೆ ಕಪ್ಪು ಪಟ್ಟೆ ಇರುತ್ತದಲ್ಲ, ಅದು ನೀರು ಹೋದ ದಾರಿ. ಕಡಿದಾದ ಕಡೆ ನೇರ ಇಳಿಯುತ್ತದೆ, ಇಳಿಜಾರು ಕಮ್ಮಿ ಇದ್ದರೆ ಓರೆಯಾಗಿ ಹರಡುತ್ತದೆ. ಆ ಪಟ್ಟೆಗಳನ್ನು ಮೇಲಿಂದ ಕೆಳಕ್ಕೆ, ನೀರು ಹರಿದ ದಿಕ್ಕಿನಲ್ಲೇ ಎಳೆಯಿರಿ. ಕೆಳಗಿಂದ ಮೇಲಕ್ಕೆ ಎಳೆದರೆ ಗೆರೆ ಬೇರೆ ಥರ ಬರುತ್ತದೆ, ನೀವೇ ಎರಡನ್ನೂ ಮಾಡಿ ನೋಡಿ. ಉಳಿದದ್ದೆಲ್ಲ ಬಿಳಿ ಕಾಗದ. ಮಧ್ಯಾಹ್ನ ಬಂಡೆ ಕಣ್ಣು ಕುಕ್ಕುವಷ್ಟು ಬೆಳ್ಳಗಿರುತ್ತದೆ ಅಲ್ವಾ?

ಇನ್ನೊಂದು. ರಾಬರ್ಟ್ ಹೋಮ್ ಅನ್ನುವ ಚಿತ್ರಗಾರ 1791-92ರಲ್ಲಿ ಟಿಪ್ಪುವಿನ ಮೇಲೆ ಬಂದ ಕಾರ್ನ್‌ವಾಲಿಸ್ ಸೈನ್ಯದ ಜೊತೆ ಇದ್ದರು. ನಮ್ಮ ಸೀಮೆಯ ದುರ್ಗಗಳನ್ನು ಬರೆದರು. 1794ರಲ್ಲಿ ಆ ಚಿತ್ರಗಳು ಅಚ್ಚಾದವು. ಅಚ್ಚಿಗೆ ಲೋಹದ ತಗಡಿನ ಮೇಲೆ ಕೊರೆದದ್ದರಿಂದ ಬೆಟ್ಟದ ನೆರಳೆಲ್ಲ ಬರೀ ಗೆರೆ, ತಿಕ್ಕಿದ್ದು ಒಂದೂ ಇಲ್ಲ. ನೆಟ್ಟಿನಲ್ಲಿ ಸಿಗುತ್ತವೆ, ದೊಡ್ಡದು ಮಾಡಿಕೊಂಡು ಗೆರೆ ಯಾವ ಕಡೆ ತಿರುಗಿದೆ ನೋಡಿ. ಯುದ್ಧದ ಚಿತ್ರಗಳು, ಮನಸ್ಸಿಗೆ ಹಿತ ಅಲ್ಲ. ಗೆರೆ ಕಲಿಯಲು ಮಾತ್ರ ಒಳ್ಳೆಯದು.

ಗುಡಿಬಂಡೆ ಕಡೆಯವಳು

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಮೂರನೇ ಜ್ವರಕ್ಕೆ ಹುಳು ಕೂತಿತು. ಡ್ರಾಯಿಂಗ್ ಪೆನ್ನು ಬಾಗೇಪಲ್ಲಿಯಿಂದ ಯಜಮಾನರು ತಂದುಕೊಟ್ಟರು, 01 ಮತ್ತು 05.

ತಮ್ಮಾ, ನೀನು ಹೇಳಿದ ಸಿಪ್ಪೆಯ ಅಂಚು ಹುಡುಕುತ್ತಾ ಮೊದಲು ಒಂದು ಗಂಟೆ ಏನೂ ಬರೆಯಲಿಲ್ಲ. ಬೆಟ್ಟವನ್ನು ನೋಡಿದೆ. ಹದಿನಾಲ್ಕು ವರ್ಷದಿಂದ ದಿನಾ ಕಾಣುವ ಬೆಟ್ಟ. ಅದರ ಮಧ್ಯದಲ್ಲಿ ಒಂದು ದೊಡ್ಡ ಸಿಪ್ಪೆ ಅರ್ಧ ಕಳಚಿ ನಿಂತಿದೆ, ಅದರ ಅಂಚು ಬಲಗಡೆಯಿಂದ ಎಡಕ್ಕೆ ಬಿಲ್ಲಿನ ಹಾಗೆ ಬಾಗಿದೆ. ನಿನ್ನೆಯವರೆಗೆ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಆಡು ಮೇಯಿಸುವ ಹುಡುಗರು ಮಳೆ ಬಂದರೆ ಅದರ ಕೆಳಗೇ ನಿಲ್ಲುವುದು. ಅಷ್ಟು ದೊಡ್ಡ ಸಂದು.

ಮೊದಲು ಆ ಬಿಲ್ಲು ಎಳೆದೆ. ಆಮೇಲೆ ಅದರ ಮೇಲೆ ಎರಡು, ಕೆಳಗೆ ಮೂರು. ನೀರಿನ ಪಟ್ಟೆ ಒಂಬತ್ತು ಬಂದವು. ಕೊನೆಯ ಪಟ್ಟೆ ಎಳೆದಾಗ ಬೆಟ್ಟ ಒಂದೇ ಸಲ ಉಬ್ಬಿ ನಿಂತಿತು. ಬರೀ ಬಿಳಿ ಕಾಗದದಲ್ಲಿ ಅಷ್ಟು ಭಾರ ಎಲ್ಲಿಂದ ಬಂತು ಅಂತ ತುಂಬ ಹೊತ್ತು ನೋಡಿದೆ. ಈಗ ಮೂಟೆ ಥರ ಇಲ್ಲ.

ಮೆದೆ ಇನ್ನೂ ಆಗಿಲ್ಲ. 05 ಪೆನ್ನಿನಲ್ಲಿ ಬರೆದರೂ ಗುಡಿಸಲೇ ಆಗುತ್ತಿದೆ. ಹುಣಸೆಮರ ಮುಟ್ಟಲಿಲ್ಲ. ಈಗ ಹುಳು ಎದ್ದಿದೆ, ನಾಲ್ಕೈದು ದಿನ ಸೊಪ್ಪಿನ ಕೆಲಸ. ಅದು ಮುಗಿದರೆ ನಾಲ್ಕನೇ ಜ್ವರ.

ಮುಳಬಾಗಿಲು ಮೇಷ್ಟ್ರು

ಅಮ್ಮಾ, ತಡವಾಗಿ ನೋಡಿದೆ. ನಾನು ಕೋಲಾರ ಜಿಲ್ಲೆಯ ಹೈಸ್ಕೂಲುಗಳಲ್ಲಿ ಮೂವತ್ತೊಂದು ವರ್ಷ ಡ್ರಾಯಿಂಗ್ ಮೇಷ್ಟ್ರಾಗಿದ್ದವನು. ಈಗ ಮುಳಬಾಗಿಲಿನಲ್ಲಿ ಇದ್ದೇನೆ.

ಕಲ್ಲಿನ ಕೆಲಸದವರ ಮಗ ಕಲ್ಲಿನ ಬಗ್ಗೆ ಹೇಳಿದ ಮಾತು ಯಾವ ಆರ್ಟ್ ಸ್ಕೂಲಿನಲ್ಲೂ ನನಗೆ ಸಿಗಲಿಲ್ಲ. ಮೆದೆಗೆ ನೀವು ಅದೇ ದಾರಿ ಹಿಡಿಯಬೇಕು. ಅದನ್ನು ನಾನು ಹೇಳಿಕೊಡುವುದಿಲ್ಲ, ಕೇಳುತ್ತೇನೆ. ಆ ಮೆದೆ ಒಟ್ಟಿದವರು ಯಾರು? ನೀವು ಅಲ್ಲಿದ್ದಿರಾ? ಇದ್ದರೆ, ಮೊದಲನೇ ಸಿವುಡಿನಿಂದ (ರಾಗಿ ಕಂತೆಯಿಂದ) ಕೊನೆಯ ಸಿವುಡಿನವರೆಗೆ ಹೇಗೆ ಒಟ್ಟಿದಿರಿ ಅಂತ ಇಲ್ಲಿ ಬರೆಯಿರಿ. ಚಿತ್ರ ಬೇಡ, ಮಾತಿನಲ್ಲಿ. ಆಮೇಲೆ ಮುಂದಿನದು.

ಅಷ್ಟರಲ್ಲಿ ಹುಣಸೆಮರದ ಮಾತು. ನೀವು ಎಲೆ ಬರೆಯಲು ಹೋಗಿದ್ದು ಸಹಜ. ಆದರೆ ಏರಿ ಮೇಲಿನ ಮರದ ಎಲೆ ನಿಮ್ಮ ಜಗಲಿಗೆ ಕಾಣುತ್ತದೆಯೇ? ಹುಣಸೆ ಎಲೆ ತೀರಾ ಸಣ್ಣದು. ದೂರಕ್ಕೆ ಅದು ಎಲೆಯಾಗಿ ಕಾಣುವುದಿಲ್ಲ, ಒಂದು ಮೆತ್ತನೆಯ ದಟ್ಟಣೆಯಾಗಿ ಕಾಣುತ್ತದೆ. ಆ ದಟ್ಟಣೆ ಒಂದೇ ಗುಡ್ಡೆಯಲ್ಲ, ಕೊಂಬೆಗೊಂದು ಗುಂಪು. ಗುಂಪು ಗುಂಪಿನ ನಡುವೆ ಆಕಾಶ ಇಣುಕುತ್ತದೆ. ಮೊದಲು ಆ ಆಕಾಶದ ತೂತುಗಳನ್ನು ಪೆನ್ಸಿಲಿನಲ್ಲಿ ತಿಳಿಯಾಗಿ ಗುರುತು ಮಾಡಿ. ಅವನ್ನು ಮುಟ್ಟಬೇಡಿ. ಆಮೇಲೆ ಗುಂಪಿನ ಅಡಿಭಾಗದಲ್ಲಿ ಚಿಕ್ಕ ಚಿಕ್ಕ ಗೆರೆ, ಮೇಲುಭಾಗ ಹಾಗೇ ಬಿಡಿ. ಬೆಳಕು ಮೇಲಿಂದ ತಾನೇ ಬರುವುದು?

ಮರದ ಕೆಳ ಅಂಚನ್ನು ನೋಡಿ. ಆಡು ಮೇಯುವ ಕಡೆ ಅದು ಕತ್ತರಿಸಿದ ಹಾಗೆ ಮಟ್ಟಸ ಇರುತ್ತದೆ. ಆಡು ಹಿಂಗಾಲ ಮೇಲೆ ನಿಂತು ಎಷ್ಟು ಎತ್ತರ ಮುಟ್ಟುತ್ತದೋ ಅಷ್ಟು ಎತ್ತರಕ್ಕೆ. ಆ ಮಟ್ಟದ ಗೆರೆ ಹಾಕಿದರೆ ಮರಕ್ಕೆ ಅಳತೆ ಸಿಗುತ್ತದೆ, ಪಕ್ಕದಲ್ಲಿ ಮನುಷ್ಯನನ್ನು ಬರೆಯದೆಯೇ ಅದು ಎಷ್ಟು ದೊಡ್ಡ ಮರ ಅಂತ ಗೊತ್ತಾಗುತ್ತದೆ.

ನೀವು ಬರೆಯುವುದು ಮಧ್ಯಾಹ್ನ. ಪುಸ್ತಕಗಳೆಲ್ಲ ಬೆಳಿಗ್ಗೆ ಸಂಜೆ ಬರೆಯಿರಿ ಅನ್ನುತ್ತವೆ, ಉದ್ದ ನೆರಳು ಸಿಗುತ್ತದೆ ಅಂತ. ನಿಮಗೆ ಹುಳು ಕೂರುವುದು ಯಾವಾಗಲೋ, ನಿಮ್ಮ ಹೊತ್ತು ಅದೇ. ಮಧ್ಯಾಹ್ನವನ್ನೇ ಬರೆಯಿರಿ. ಹನ್ನೆರಡೂವರೆ ಹೊತ್ತಿಗೆ ಮರದ ನೆರಳು ದಿನದಲ್ಲೇ ಅತಿ ಚಿಕ್ಕದಾಗಿ ಬುಡದ ಹತ್ತಿರಕ್ಕೆ ಬಂದಿರುತ್ತದೆ. ಅದೊಂದನ್ನು ಇಂಕಿನಲ್ಲಿ ಪೂರ್ತಿ ಕಪ್ಪು ಮಾಡಿ, ಮಿಕ್ಕ ನೆಲವನ್ನು ಖಾಲಿ ಬಿಟ್ಟುನೋಡಿ. ನಮ್ಮ ಬಯಲುಸೀಮೆಯ ಬಿಸಿಲು ಅದೇ.

ಏರಿಯ ಬಗ್ಗೆ ಒಂದು ಮಾತು. ನೀವು ಕೂತಾಗ ನಿಮ್ಮ ಕಣ್ಣಿನ ಮಟ್ಟಕ್ಕೆ ಒಂದು ಗೆರೆಯನ್ನು ಕಾಗದದ ಮೇಲೆ ತಿಳಿಯಾಗಿ ಎಳೆದುಕೊಳ್ಳಿ. ಏರಿಯ ತಲೆ ಅದಕ್ಕಿಂತ ಮೇಲಿದೆಯೇ ಕೆಳಗಿದೆಯೇ ನೋಡಿ. ಮೇಲಿದ್ದರೆ ಏರಿಯ ಮೇಲಿನ ದಾರಿ ನಿಮಗೆ ಕಾಣಬಾರದು. ನನ್ನ ಹುಡುಗರಲ್ಲಿ ಹತ್ತಕ್ಕೆ ಎಂಟು ಜನ ಅದನ್ನು ಬರೆದುಬಿಡುತ್ತಿದ್ದರು. ದಾರಿ ಇದೆ ಅಂತ ಅವರಿಗೆ ಗೊತ್ತಿತ್ತು, ಅದಕ್ಕೆ.

ಪ್ರತಿ ಚಿತ್ರದ ಕೆಳಗೆ ಊರು, ತಾರೀಖು, ಗಂಟೆ ಬರೆಯಿರಿ. ಇದನ್ನು ಮರೆಯಬೇಡಿ. ನನ್ನ ಹತ್ತಿರ ಕೋಲಾರದ ಹತ್ತಿರದ ಕೆರೆಯೊಂದರ ಹಳೆಯ ಪೆನ್ಸಿಲ್ ಚಿತ್ರ ಇದೆ. ಕೆರೆಯಲ್ಲಿ ಹನಿ ನೀರಿಲ್ಲ, ಅಂಗಳದ ತುಂಬ ಬಳ್ಳಾರಿ ಜಾಲಿ, ತೂಬಿನ ಎರಡು ಕಲ್ಲುಕಂಬ ಬುಡದವರೆಗೆ ಕಾಣುತ್ತವೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಶುದ್ಧೀಕರಿಸಿದ ನೀರು ನಮ್ಮ ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ಈಗ ಅದೇ ಜಾಗದಲ್ಲಿ ಕೂತರೆ ಕಂಬಗಳ ತಲೆ ಮಾತ್ರ ನೀರಿನ ಮೇಲೆ. ತಾರೀಖು ಇಲ್ಲದಿದ್ದರೆ ಎರಡು ಚಿತ್ರ ಒಂದೇ ಕೆರೆಯದ್ದು ಅಂತ ಯಾರೂ ನಂಬುವುದಿಲ್ಲ.

ಈಗ ಮೆದೆಯ ಉತ್ತರ ಬರೆಯಿರಿ.

ಗುಡಿಬಂಡೆ ಕಡೆಯವಳು

ಮೇಷ್ಟ್ರೇ, ನಮಸ್ಕಾರ. ಸೊಪ್ಪು ಹಾಕಿ ಬಂದು ಬರೆಯುತ್ತಿದ್ದೇನೆ.

ಮೆದೆ ಒಟ್ಟಿದ್ದು ನಮ್ಮ ಅತ್ತೆ. ಸಿವುಡು ಎತ್ತಿಕೊಟ್ಟಿದ್ದು ನಾನು ಮತ್ತು ಯಜಮಾನರು. ಮೆದೆ ಮೇಲೆ ನಿಂತು ಒಟ್ಟುವುದು ಎಲ್ಲರಿಗೂ ಬರುವುದಿಲ್ಲ, ನಮ್ಮ ಬೀದಿಯಲ್ಲಿ ಅತ್ತೆಯನ್ನೇ ಕರೆಯುತ್ತಾರೆ.

ಮೊದಲು ನೆಲಕ್ಕೆ ಕಲ್ಲು ಹಾಸಿ, ಅದರ ಮೇಲೆ ಒಣಗಿದ ಕಡ್ಡಿ ಹರಡುತ್ತೇವೆ, ಗೆದ್ದಲು ಹತ್ತಬಾರದು ಅಂತ. ಆಮೇಲೆ ಸಿವುಡುಗಳನ್ನು ಸುತ್ತಲೂ ಮಲಗಿಸುತ್ತಾ ಬರುತ್ತೇವೆ. ತೆನೆ ಒಳಗಡೆ, ಕೊಯ್ದ ಬುಡ ಹೊರಗಡೆ. ತೆನೆ ಹೊರಗಿದ್ದರೆ ಗುಬ್ಬಿ, ಇಲಿ, ಮಳೆ ಎಲ್ಲಕ್ಕೂ ಸಿಗುತ್ತದೆ. ಒಂದು ಸುತ್ತು ಆದ ಮೇಲೆ ಅತ್ತೆ ಕಾಲಿನಲ್ಲಿ ತುಳಿಯುತ್ತಾರೆ, ಮತ್ತೊಂದು ಸುತ್ತು. ಮೇಲೆ ಹೋದ ಹಾಗೆ ಪ್ರತಿ ಸುತ್ತನ್ನೂ ಬೆರಳಷ್ಟು ಹೊರಕ್ಕೆ ತರುತ್ತಾರೆ, ಹೊಟ್ಟೆ ಬರುವ ಹಾಗೆ. ಮೇಲಿಂದ ಬಿದ್ದ ನೀರು ಬುಡಕ್ಕೆ ಇಳಿಯದೆ ದೂರ ಬೀಳಬೇಕಲ್ಲ. ಎದೆ ಮಟ್ಟ ದಾಟಿದ ಮೇಲೆ ಒಳಕ್ಕೆ ತಗೊಳ್ಳುತ್ತಾ ಬರುತ್ತಾರೆ. ಕೊನೆಗೆ ತಲೆಯ ಮೇಲೆ ಹುಲ್ಲು ಹೊದಿಸುತ್ತೇವೆ, ಈ ಹುಲ್ಲು ಮಾತ್ರ ಉದ್ದಕ್ಕೆ, ಇಳಿಜಾರಾಗಿ, ಮನೆ ಸೂರಿನ ಹಾಗೆ. ಅದರ ಮೇಲೆ ಹಗ್ಗಕ್ಕೆ ಕಲ್ಲು ಕಟ್ಟಿ ಎರಡೂ ಕಡೆ ಇಳಿಬಿಡುತ್ತೇವೆ.

ಇಷ್ಟು ಬರೆದು ನಿಲ್ಲಿಸಿದೆ ಮೇಷ್ಟ್ರೇ. ಹೊರಗೆ ಹೋಗಿ ಮೆದೆ ನೋಡಿ ಬಂದೆ. ಹೊರಗಡೆ ಕಾಣುವುದು ಬುಡ. ಕುಡುಗೋಲಿನಲ್ಲಿ ಕೊಯ್ದ ತುದಿಗಳು. ಚುಕ್ಕಿ ಚುಕ್ಕಿ. ಒಂದು ಉದ್ದ ಗೆರೆಯೂ ಇಲ್ಲ. ನಾನು ಸೂರಿನ ಗೆರೆಯನ್ನು ಗೋಡೆಗೂ ಎಳೆದಿದ್ದೆ. ಅದಕ್ಕೇ ಗುಡಿಸಲು ಆಗುತ್ತಿತ್ತು. ಅತ್ತೆ ಸರಿಯಾಗಿಯೇ ಕೇಳಿದ್ದರು.

ಮುಳಬಾಗಿಲು ಮೇಷ್ಟ್ರು

ನನಗೆ ಹೇಳಲು ಏನೂ ಉಳಿದಿಲ್ಲ ತಾಯಿ. ಈಗ ಒಟ್ಟಿದ ಹಾಗೇ ಬರೆಯಿರಿ. ಕಲ್ಲಿನಿಂದ ಶುರು ಮಾಡಿ, ಸುತ್ತು ಸುತ್ತಾಗಿ ಮೇಲೆ ಬನ್ನಿ. ಬುಡದ ತುದಿಗೆ ಪೆನ್ನು ಕುಟ್ಟಿ ತೆಗೆಯಿರಿ, ಎಳೆಯಬೇಡಿ. ಹೊಟ್ಟೆಯ ಕೆಳಗೆ ಚುಕ್ಕಿ ಒತ್ತಾಗಿ, ಬಿಸಿಲು ಬೀಳುವ ಕಡೆ ಬಿಡಿ ಬಿಡಿಯಾಗಿ. ತಲೆಯ ಹುಲ್ಲಿಗೆ ಮಾತ್ರ ಉದ್ದ ಗೆರೆ.

ವ್ಯಾನ್ ಗೋ ಹೆಸರು ಕೇಳಿರುತ್ತೀರಿ. 1888ರಲ್ಲಿ ಫ್ರಾನ್ಸಿನ ಆರ್ಲ್ ಊರಿನಲ್ಲಿ ಇದ್ದಾಗ ಅಲ್ಲೇ ಬೆಳೆಯುವ ಜೊಂಡಿನ ಕಡ್ಡಿ ಕೆತ್ತಿಕೊಂಡು ಇಂಕಿನಲ್ಲಿ ಹೊಲಗಳನ್ನು ಬರೆದರು. ಆ ಚಿತ್ರಗಳಲ್ಲಿ ಒಂದೊಂದು ಹೊಲಕ್ಕೂ ಒಂದೊಂದು ಗುರುತು. ಒಂದು ಕಡೆ ಚುಕ್ಕಿ, ಒಂದು ಕಡೆ ಅಡ್ಡ ಗೆರೆ, ಇನ್ನೊಂದು ಕಡೆ ಕೊಕ್ಕೆ. ಬಣ್ಣ ಇಲ್ಲದೆಯೇ ಯಾವ ಹೊಲ ಎಲ್ಲಿ ಮುಗಿಯಿತು ಅಂತ ಗೊತ್ತಾಗುತ್ತದೆ. ನಮ್ಮವರಲ್ಲಿ ಗೆರೆಗೆ ಹೆಸರಾದವರು ಕೆ.ಕೆ. ಹೆಬ್ಬಾರ್, ಉಡುಪಿ ಹತ್ತಿರದ ಕಟ್ಟಿಂಗೇರಿಯವರು. ಲಯ ತಿಳಿಯಬೇಕು ಅಂತ ಕಥಕ್ ನೃತ್ಯ ಕಲಿತರು. ಅವರು ಬರೆದ ಕುಣಿಯುವವರ ಗೆರೆ ನೋಡಿದರೆ ಆ ಹೆಜ್ಜೆ ಅವರ ಕಾಲಿಗೆ ಗೊತ್ತಿತ್ತು ಅಂತ ಅನ್ನಿಸುತ್ತದೆ. ನಿಮ್ಮ ಕೈ ಎಷ್ಟು ಸಿವುಡು ಎತ್ತಿಕೊಟ್ಟಿದೆ, ಲೆಕ್ಕ ಇಟ್ಟಿದ್ದೀರಾ?

ಮಧುಗಿರಿ ಹುಡುಗ

ಅಕ್ಕಾ, ಬರೆದ ಮೇಲೆ ಫೋಟೋ ಹಾಕಿ. ನಮ್ಮ ತಂದೆಗೆ ನಿಮ್ಮ ಬೆಟ್ಟದ ವಿಷಯ ಓದಿ ಹೇಳಿದೆ. ಆಡು ಹುಡುಗರು ನಿಲ್ಲುವ ಆ ಸಿಪ್ಪೆಯ ತುದಿಯಲ್ಲಿ ಗಿಡ ಬೇರು ಬಿಟ್ಟಿದೆಯಾ ಅಂತ ಕೇಳಿದರು. ಬಿಟ್ಟಿದ್ದರೆ ಅದರ ಕೆಳಗೆ ಯಾರೂ ನಿಲ್ಲದ ಹಾಗೆ ಹೇಳಿ ಅಂದರು. ಬೇರು ದಪ್ಪ ಆದಷ್ಟೂ ಕಲ್ಲು ಬಿಟ್ಟುಕೊಳ್ಳುತ್ತದಂತೆ. ದಯವಿಟ್ಟು ನೋಡಿ.

ಗುಡಿಬಂಡೆ ಕಡೆಯವಳು

ನಿನ್ನೆ ನಾಲ್ಕನೇ ಜ್ವರ. ಮೊದಲು ತಮ್ಮನ ಮಾತಿಗೆ ಉತ್ತರ: ಯಜಮಾನರು ಹೋಗಿ ನೋಡಿ ಬಂದರು. ಎಡತುದಿಯಲ್ಲಿ ಒಂದು ಅತ್ತಿ ಗಿಡ ಇದೆ, ತೋಳಿನ ಗಾತ್ರ. ಆಡು ಹುಡುಗರ ಮನೆಗಳಿಗೆಲ್ಲ ಹೇಳಿದ್ದೇವೆ. ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ ಹೇಳು.

ಇನ್ನು ಮೆದೆ. ಹನ್ನೊಂದಕ್ಕೆ ಕೂತೆ. ಮೋಡ ಇತ್ತು, ಆಗಾಗ ಬಿಸಿಲು. ಕೆಳಗಿನ ಕಲ್ಲು ಬರೆದು, ಮೊದಲ ಸುತ್ತಿನಿಂದ ಶುರು ಮಾಡಿದೆ. 05ರಲ್ಲಿ ಕುಟ್ಟಿ ಕುಟ್ಟಿ ಹೋದೆ. ನಾಲ್ಕನೇ ಸುತ್ತಿಗೆ ಬಂದಾಗ ಕೈ ತಾನೇ ಹೋಗುತ್ತಿತ್ತು. ಸಿವುಡು ಎತ್ತಿಕೊಡುವಾಗ ಒಂದು ಅಳತೆ ಬರುತ್ತದಲ್ಲ, ಬಗ್ಗು, ಎತ್ತು, ಕೊಡು, ಅದೇ ಅಳತೆ. ಹೊಟ್ಟೆಯ ಕೆಳಗಿನ ನೆರಳಿಗೆ ಎರಡು ಸಲ ಚುಕ್ಕಿ ತುಂಬಿದೆ. ತಲೆಗೆ ಉದ್ದ ಗೆರೆ, ಹಗ್ಗ, ತೂಗಿದ ಕಲ್ಲು. ಒಟ್ಟು ಮೂರು ಗಂಟೆ ಹಿಡಿಯಿತು. ಅಗಲ ನನ್ನ ಅಂಗೈಯಷ್ಟೇ ಇದೆ.

ಬಲಗಡೆ ಮೂಲೆಯಲ್ಲಿ ಸುತ್ತುಗಳು ಸ್ವಲ್ಪ ಕೆಳಕ್ಕೆ ಬಾಗಿದ್ದವು. ಕಂಡ ಹಾಗೆ ಬರೆದೆ. ನೇರ ಮಾಡಬೇಕು ಅಂತ ಅನ್ನಿಸಿತು, ಮಾಡಲಿಲ್ಲ.

ಅತ್ತೆ ಕನ್ನಡಕ ಹಾಕಿಕೊಂಡು ಬಂದು ನೋಡಿದರು. ಏನೂ ಅನ್ನಲಿಲ್ಲ. ಆ ಮೂಲೆಯ ಮೇಲೆ ಬೆರಳಿಟ್ಟರು. "ಇಲ್ಲಿ ಜಗ್ಗಿದೆ. ಮಳೆ ಬಂದರೆ ನೀರು ಒಳಕ್ಕೆ ಇಳಿಯುತ್ತೆ," ಅಂದರು. ಚಿತ್ರ ನನ್ನ ಕೈಗೆ ಕೊಟ್ಟು, ಹುಲ್ಲು ಒಂದು ಹೊರೆ ಎತ್ತಿಕೊಂಡು ಕಣಕ್ಕೆ ಹೋದರು. ನಾನೂ ಏಣಿ ಹಿಡಿಯಲು ಹಿಂದೆ ಹೋದೆ. ಸಂಜೆ ನಾಲ್ಕು ಹನಿ ಬಿತ್ತು.

ಚಿತ್ರದ ಕೆಳಗೆ ಊರು, ತಾರೀಖು, ಗಂಟೆ ಬರೆದಿದ್ದೇನೆ ಮೇಷ್ಟ್ರೇ. ಒಟ್ಟಿದವರು ಅಂತ ಅತ್ತೆಯ ಹೆಸರನ್ನೂ ಬರೆದೆ.

ಹುಳು ಎದ್ದಿದೆ. ಇನ್ನು ಗೂಡಿಗೆ ಹತ್ತುವವರೆಗೆ ಒಂದು ವಾರ ಸೊಪ್ಪು ಸುರಿದಷ್ಟೂ ಸಾಲದು. ಹುಣಸೆಮರ ಮುಂದಿನ ಬೆಳೆಗೆ. ಆಡು ಮೇಯುವ ಮಟ್ಟ ನೋಡಿಕೊಂಡಿದ್ದೇನೆ, ಒಂದು ಮರದಲ್ಲಿ ಸರಿಯಾಗಿ ಕಾಣುತ್ತದೆ, ಇನ್ನೊಂದು ಏರಿಯ ಅಂಚಿನಲ್ಲಿ ಇರುವುದರಿಂದ ನೀರಿನ ಕಡೆ ಕೊಂಬೆ ಕೆಳಗಿನವರೆಗೂ ಇಳಿದಿದೆ. ಅಲ್ಲಿಗೆ ಆಡು ಹೋಗುವುದಿಲ್ಲ.